ಐದು ಪೊರಕೆ, ಒಂದು ದಬ್ಬಣ, ಒಂದು ಹಳೇ ಸೈಕಲ್ ಟ್ಯೂಬು

ನಮ್ಮ ಮನೆಯಲ್ಲಿ ದಿನಕ್ಕೆ ಐದು ಸಲ ಕಸ ಹೊಡೆಯುತ್ತೇವೆ. ಮಡಿ ಜಾಸ್ತಿ ಅಂತ ತಿಳಿಯಬೇಡಿ. ನಾನು ಟೈಲರ್. ದಾವಣಗೆರೆಯಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಎರಡು ಮಷಿನು, ಬಟ್ಟೆಯ ಅಂಚು ಬಿಚ್ಚದ ಹಾಗೆ ಹೊಲಿಯುವ ಒಂದು ಓವರ್‌ಲಾಕು, ಒಂದು ಕಟಿಂಗ್ ಟೇಬಲ್ಲು. ಬ್ಲೌಸು, ಫಾಲು, ಪಿಕೋ, ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರಂ. 22 ವರ್ಷದಿಂದ ಇದೇ ಕೆಲಸ. ಈ ಕೆಲಸದ ಕಸ ಬೇರೆ ಮನೆಯ ಕಸದ ಹಾಗಲ್ಲ. ದಾರದ ಚೂರು, ಲೈನಿಂಗ್ ಬಟ್ಟೆಯ ಎಳೆ, ಓವರ್‌ಲಾಕ್ ಉದುರಿಸುವ ಹಿಂಜಿದ ಹತ್ತಿಯಂಥ ಧೂಳು, ಸೊಟ್ಟಾದ ಹುಕ್ಕು, ಚಾಕ್ ಪುಡಿ. ನಡುವೆ ಒಂದೋ ಎರಡೋ ಗುಂಡುಪಿನ್ನು.

ಹಾಗಾಗಿ ಪೊರಕೆ ನನಗೆ ಕತ್ತರಿಯಷ್ಟೇ ಮುಖ್ಯ. ಕತ್ತರಿ ಹನ್ನೊಂದು ವರ್ಷದಿಂದ ಒಂದೇ ಇದೆ, ಸಾಣೆ ಹಿಡಿಸಿದರೆ ಮತ್ತೆ ಹೊಸದು. ಪೊರಕೆ ಮಾತ್ರ ನಾಲ್ಕು ತಿಂಗಳಿಗೊಂದು.

ಹೋದ ವರ್ಷ ಯುಗಾದಿಯ ಹಿಂದಿನ ದಿನ ಸಿಟ್ಟು ಬಂದದ್ದು. ಅಂಗಡಿ ತುಂಬ ಬ್ಲೌಸು ಒಯ್ಯಲು ಬಂದವರು. ಕಾಲಿಡಲು ಜಾಗ ಮಾಡೋಣ ಅಂತ ಬಿರಬಿರನೆ ಕಸ ಹೊಡೆಯುತ್ತಿದ್ದೆ. ಹಿಡಿ ನನ್ನ ಕೈಯಲ್ಲೇ ಉಳಿಯಿತು, ಹುಲ್ಲು ಹಾರಿ ಹೋಗಿ ಒಬ್ಬ ಗಿರಾಕಿಯ ಪಾದದ ಮೇಲೆ ಬಿತ್ತು. ಪಾಪ, ಆಕೆ ಬೈಯಲಿಲ್ಲ. ಪೊರಕೆ ಕಾಲಿಗೆ ತಾಗಿತಲ್ಲ ಅಂತ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಪೊರಕೆಗೆ 160 ರೂಪಾಯಿ ಕೊಟ್ಟಿದ್ದೆ. ತಂದು ಐದು ವಾರ ಆಗಿತ್ತು.

ಹಬ್ಬ ಮುಗಿದ ಮೇಲೆ ಅದನ್ನು ತಿಪ್ಪೆಗೆ ಹಾಕಲಿಲ್ಲ. ಯಜಮಾನರ ಹ್ಯಾಕ್ಸಾ ಗರಗಸದ ಬ್ಲೇಡು ತೆಗೆದುಕೊಂಡು ಪ್ಲಾಸ್ಟಿಕ್ ಹಿಡಿಯನ್ನು ಉದ್ದಕ್ಕೆ ಸೀಳಿದೆ. ಹಿಡಿಯ ಉದ್ದ 14 ಇಂಚು. ಅದರೊಳಗೆ ಹುಲ್ಲಿನ ಕಡ್ಡಿ ಹೊಕ್ಕಿದ್ದು ಬರೀ ಎರಡೂವರೆ ಇಂಚು! ಮೇಲಿನದೆಲ್ಲ ಪೊಳ್ಳು. ಅಲ್ಲಾಡದಿರಲಿ ಅಂತ ಮುರಿದ ಕಡ್ಡಿ ಚೂರು, ಸುರುಳಿ ಸುತ್ತಿದ ಹಳೇ ಪೇಪರು ತುರುಕಿದ್ದರು. ಕುತ್ತಿಗೆಯಲ್ಲಿ ತೆಳು ತಂತಿ ಎರಡೇ ಸುತ್ತು.

ಹೊಲಿಗೆ ಗೊತ್ತಿದ್ದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬ್ಲೌಸು ಬಟ್ಟೆಯ ನಡುಮಧ್ಯೆ ಹರಿಯುವುದಿಲ್ಲ. ತೋಳು ಮೈಗೆ ಕೂಡುವ ಕಂಕುಳಲ್ಲಿ ಹರಿಯುತ್ತದೆ. ಒಳಗೆ ಮಾರ್ಜಿನ್ ಬಿಡದೆ ಅಂಚಿಗೇ ಹೊಲಿದರೆ ಮೊದಲ ಸಲ ಕೈ ಎತ್ತಿದಾಗಲೇ ಬಿಚ್ಚಿಕೊಳ್ಳುತ್ತದೆ. ಈ ಪೊರಕೆ ಕಟ್ಟಿದವರೂ ಮಾರ್ಜಿನ್ ಕದ್ದಿದ್ದರು. ತುದಿಯ ಹುಲ್ಲು ಇನ್ನೂ ಹೊಸದರ ಹಾಗೇ ಇತ್ತು. ಸವೆದು ಹೋದ ಪೊರಕೆ ಅಂತ ನಾವು ಬಿಸಾಡುವುದರಲ್ಲಿ ಸವೆದದ್ದು ಕಡಿಮೆ, ಕುತ್ತಿಗೆ ಕಳಚಿದ್ದೇ ಜಾಸ್ತಿ. ಇದು ತಲೆಗೆ ಹೊಕ್ಕ ಮೇಲೆ ಎಲ್ಲಿ ಹೋದರೂ ನನ್ನ ಕಣ್ಣು ಪೊರಕೆಯ ಕುತ್ತಿಗೆಗೇ. ಒಂದೂವರೆ ವರ್ಷದಲ್ಲಿ ಐದು ಥರದ ಪೊರಕೆ ಹಿಡಿದು ನೋಡಿದೆ. ಅದರ ಕಥೆ ಇದು.

ಮೊದಲು ಹುಲ್ಲು ಪೊರಕೆಯನ್ನೇ ಮತ್ತೆ ತಂದೆ. ಯಾಕೆಂದರೆ ಟೈಲ್ಸ್ ನೆಲಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ, ಈ ಮಾತು ಈಗಲೂ ಹೇಳುತ್ತೇನೆ. ನಾವು ಹುಲ್ಲು ಅನ್ನುತ್ತೇವೆ, ನಿಜಕ್ಕೂ ಅದು ಹೂವು. ಆಳೆತ್ತರ ಬೆಳೆಯುವ ಒಂದು ಹುಲ್ಲಿನ ಹೂಗೊಂಚಲು. ಹಿಂದಿಯವರು ಫೂಲ್ ಝಾಡು ಅನ್ನುವುದು ಅದಕ್ಕೇ. ಮೇಘಾಲಯ, ಅಸ್ಸಾಂ ಕಡೆಯ ಗುಡ್ಡದ ಇಳಿಜಾರಿನಲ್ಲಿ ಇದನ್ನು ಬೆಳೆಯಾಗಿಯೇ ಬೆಳೆಯುತ್ತಾರೆ. ಜನವರಿಯಿಂದ ಮಾರ್ಚ್ ಒಳಗೆ ಹೂವಿನ ದಂಟು ಕೊಯ್ದು ಒಣಗಿಸುತ್ತಾರೆ. ಬುಡ ಹಾಗೇ ಇರುತ್ತದೆ, ಮುಂದಿನ ವರ್ಷ ಮತ್ತೆ ಚಿಗುರುತ್ತದೆ. ಅಷ್ಟು ದೂರದಿಂದ ಬಂದ ಹೂವಿಗೆ ನಮ್ಮವರು ಎರಡೂವರೆ ಇಂಚಿನ ಮರ್ಯಾದೆ ಕೊಡುತ್ತಾರೆ ಅಂದರೆ ಬೇಜಾರಾಗುತ್ತದೆ.

ಹೂವು ಅಂದ ಮೇಲೆ ಪುಡಿ ಉದುರಲೇಬೇಕು. ಹೊಸ ಪೊರಕೆ ತಂದ ಮೊದಲ ವಾರ ಗುಡಿಸಿದಷ್ಟೂ ಕಸ. ಬೇರೆಯವರಿಗೆ ಇದು ಕಿರಿಕಿರಿ ಅಷ್ಟೇ, ನನಗೆ ನಷ್ಟ. ಒಂದು ಸಲ ಕ್ರೀಂ ಬಣ್ಣದ ರೇಷ್ಮೆ ಬ್ಲೌಸಿನ ಮೇಲೆಲ್ಲ ಆ ಕಂದು ಪುಡಿ ಕೂತು, ಟೇಪ್ ಅಂಟಿಸಿ ಅಂಟಿಸಿ ತೆಗೆದಿದ್ದೇನೆ. ಈಗ ತಂದ ದಿನವೇ ಹಿತ್ತಲಿಗೆ ಒಯ್ದು ಒಗೆಯೋ ಕಲ್ಲಿಗೆ ಹತ್ತು ಸಲ ಮೆಲ್ಲಗೆ ಬಡಿಯುತ್ತೇನೆ. ಆಮೇಲೆ ಅಗಲ ಹಲ್ಲಿನ ಹಳೇ ಬಾಚಣಿಗೆಯಲ್ಲಿ ಬುಡದಿಂದ ತುದಿಗೆ ಬಾಚುತ್ತೇನೆ. ಹೆಣ್ಣುಮಗುವಿಗೆ ತಲೆ ಬಾಚಿದ ಹಾಗೆ. ಕೊನೆಗೆ ತುದಿಯನ್ನಷ್ಟೇ ನೀರಿನಲ್ಲಿ ಜಾಲಿಸಿ, ತಲೆಕೆಳಗಾಗಿ ನೇತುಹಾಕಿ ನೆರಳಲ್ಲಿ ಒಣಗಿಸುತ್ತೇನೆ. ಕುತ್ತಿಗೆಗೆ ಮಾತ್ರ ನೀರು ತಾಗಬಾರದು. ಪುಡಿ ಪೂರ್ತಿ ಹೋಗುವುದಿಲ್ಲ, ಮುಕ್ಕಾಲು ಪಾಲು ಹೋಗುತ್ತದೆ.

ಕೊಳ್ಳುವಾಗ ಏನು ನೋಡಬೇಕು ಅಂತ ಈಗ ನನಗೊಂದು ಕ್ರಮ ಇದೆ. ಹಿಡಿಯ ಬಣ್ಣ, ಅದರ ಮೇಲಿನ ಸ್ಟಿಕರ್ರು, ಹೂವಿನ ಚಿತ್ರ ಇವನ್ನೆಲ್ಲ ಬಿಟ್ಟುಬಿಡಿ. ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಹುಲ್ಲಿನ ಬುಡ ಹಿಡಿದು ಬಟ್ಟೆ ಹಿಂಡಿದ ಹಾಗೆ ತಿರುವಿ. ಒಳಗೆ ಕರಕರ ಅಂತ ತಿರುಗಿದರೆ ವಾಪಸ್ ಇಡಿ. ಆಮೇಲೆ ನಡುವಿನ ಒಂದೇ ಕಡ್ಡಿ ಹಿಡಿದು ಎಳೆಯಿರಿ. ನಡುವಿನದ್ದೇ ಯಾಕೆಂದರೆ ಅಂಚಿನವು ಗಟ್ಟಿಯಾಗೇ ಇರುತ್ತವೆ, ತಂತಿ ಒತ್ತುವುದು ಅವನ್ನೇ. ನಮ್ಮೂರ ಮಂಡಿಪೇಟೆಯಲ್ಲಿ ಹೀಗೆ ಎಳೆದು ನೋಡುತ್ತಿದ್ದಾಗ ಅಂಗಡಿಯವರು ಗಾಬರಿಯಾದರು.

“ಅಕ್ಕಾ, ಹಂಗೆ ಎಳೆದರೆ ಯಾವ ಪೊರಕೆನೂ ಉಳಿಯಲ್ಲ.”

“ಅಣ್ಣಾ, ಮನೇಲಿ ಇದಕ್ಕಿಂತ ಜೋರಾಗಿ ಎಳೀತೀನಿ, ಅದಕ್ಕೇ ಇಲ್ಲೇ ನೋಡ್ತಿದ್ದೀನಿ.”

ಏಳು ಪೊರಕೆ ಎಳೆದ ಮೇಲೆ ಒಂದು ಗಟ್ಟಿಯಾದದ್ದು ಸಿಕ್ಕಿತು. 140 ರೂಪಾಯಿ. ಅದು ಆರು ತಿಂಗಳು ಬಂತು. ಎಳೆದು ನೋಡಿ ಕೊಂಡದ್ದಕ್ಕೇ ಎರಡು ತಿಂಗಳು ಹೆಚ್ಚು!

ಪ್ಲಾಸ್ಟಿಕ್ ಪೊರಕೆಯದ್ದು ಬೇಗ ಮುಗಿಸುತ್ತೇನೆ. ಪುಡಿ ಉದುರುವುದಿಲ್ಲ ಅಂತ ಮಗಳು ಆನ್‌ಲೈನಿನಲ್ಲಿ ತರಿಸಿಕೊಟ್ಟಳು, 279 ರೂಪಾಯಿ. ಪುಡಿ ಉದುರಲಿಲ್ಲ, ಅದು ನಿಜ. ಕುತ್ತಿಗೆಯೂ ಗಟ್ಟಿ, ಎಳೆಗಳನ್ನು ಅಚ್ಚಿನಲ್ಲೇ ಕೂರಿಸಿರುತ್ತಾರೆ. ಆದರೆ ಒಣ ನೆಲದ ಮೇಲೆ ನಾಲ್ಕು ಸಲ ಎಳೆದರೆ ಸಾಕು, ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆ ಪೇಪರ್ ಚೂರು ಎಳೆದುಕೊಳ್ಳುತ್ತದಲ್ಲ, ಹಾಗೆ ನನ್ನ ಅಂಗಡಿಯ ಎಲ್ಲ ದಾರವನ್ನೂ ಮೈಗೆ ಹತ್ತಿಸಿಕೊಳ್ಳುತ್ತದೆ. ನೆಲ ಗುಡಿಸಲು ಎರಡು ನಿಮಿಷ, ಪೊರಕೆಯಿಂದ ದಾರ ಬಿಡಿಸಲು ಐದು ನಿಮಿಷ. ಒಂದು ವಾರ ಗೋಡೆಗೆ ಒರಗಿಸಿ ಇಟ್ಟದ್ದಕ್ಕೆ ಎಳೆಗಳು ಒಂದೇ ಕಡೆ ಬಾಗಿ, ಮತ್ತೆ ನೆಟ್ಟಗಾಗಲಿಲ್ಲ. ಹಿಡಿಯನ್ನು ತಿರುಪಿ ಕೂರಿಸುವ ಸ್ಕ್ರೂ ಭಾಗ ಮೂರನೇ ತಿಂಗಳು ಸವೆಯಿತು. ಈಗ ಅದು ಬಚ್ಚಲುಮನೆಯಲ್ಲಿದೆ. ಒದ್ದೆ ಜಾಗಕ್ಕೆ ಚೆನ್ನಾಗಿದೆ.

ಈಚಲು ಕಸಬರಿಗೆಯ ವಿಷಯ ಬೇರೆ. ನನ್ನ ತವರು ರಾಣೆಬೆನ್ನೂರು ಕಡೆ. ಅಲ್ಲಿ ನಮ್ಮ ಮನೆಯಲ್ಲಿ ದೀಪಾವಳಿಯ ಲಕ್ಷ್ಮಿ ಪೂಜೆಗೆ ಹೊಸ ಕಸಬರಿಗೆ ತಂದು ಅರಿಶಿನ ಕುಂಕುಮ ಹಚ್ಚಿ ಇಡುತ್ತಿದ್ದರು. ಅಮ್ಮ ಅದನ್ನು ಪೊರಕೆ ಅಂದರೆ ಒಪ್ಪುತ್ತಿರಲಿಲ್ಲ, ಕಸಬರಿಗೆ ಅನ್ನಬೇಕು. ಬೀದಿಯಲ್ಲಿ ತಲೆಯ ಮೇಲೆ ಹೊತ್ತು ಮಾರಲು ಬಂದ ಅಜ್ಜಿಯ ಹತ್ತಿರ 40 ರೂಪಾಯಿಗೆ ಒಂದು ತೆಗೆದುಕೊಂಡೆ. ಚೌಕಾಸಿ ಮಾಡಲಿಲ್ಲ.

ಇದನ್ನೂ ಬಿಚ್ಚಿ ನೋಡೋಣ ಅಂತ ಕೂತರೆ ಬಿಚ್ಚಲು ಏನೂ ಇಲ್ಲ! ಕೈಯಲ್ಲಿ ಹಿಡಿಯುವ ಭಾಗವೂ ಅದೇ ಗರಿ, ನೆಲ ಗುಡಿಸುವ ಭಾಗವೂ ಅದೇ ಗರಿ. ಬುಡವನ್ನು ಸೇರಿಸಿ ಬಿಗಿದು ಕಟ್ಟಿದ್ದಾರೆ, ತುದಿಯನ್ನು ಸಣ್ಣಗೆ ಸೀಳಿದ್ದಾರೆ. ಕೂಡಿಸಿದ ಜಾಗ ಅಂತ ಇದ್ದರೆ ತಾನೆ ಕಳಚುವುದು? ಹೊಲಿಗೆಯಲ್ಲಿ ನಾವು ತೋಳನ್ನು ಬೇರೆ ಕತ್ತರಿಸದೆ ಮೈಯ ಜೊತೆಗೇ ಕತ್ತರಿಸುವ ಒಂದು ಮಾದರಿ ಇದೆ, ಹಾಗೆ. ಗಟ್ಟಿ ಪೊರಕೆ ಮಾಡುವುದು ಹೇಗೆ ಅನ್ನುವುದಕ್ಕೆ ಅರ್ಧ ಉತ್ತರ ಆ ಅಜ್ಜಿಯ ತಲೆಯ ಮೇಲೆ ಇತ್ತು.

ಕೆಲಸದಲ್ಲಿ ಹೇಗೆ? ದಾರದ ಚೂರನ್ನು ಚೆನ್ನಾಗಿ ಬಾಚಿ ತರುತ್ತದೆ. ಒರಟು ಗಾರೆ ನೆಲಕ್ಕೆ, ಅಂಗಳಕ್ಕೆ ಹೇಳಿ ಮಾಡಿಸಿದ ಹಾಗೆ. ಟೈಲ್ಸ್ ಮೇಲೆ ಚಾಕ್ ಪುಡಿ ಮಾತ್ರ ಹಾಗೇ ಉಳಿಯುತ್ತದೆ. ಗರಿ ಒಣಗಿದ ಮೇಲೆ ಪಟಪಟ ಮುರಿಯುತ್ತದೆ. ಮತ್ತೆ ಅದು ಮೊಳದುದ್ದ, ಸೊಂಟ ಪೂರ್ತಿ ಬಗ್ಗಬೇಕು. ದಿನವಿಡೀ ಮಷಿನ್ ಮುಂದೆ ಬಗ್ಗಿ ಕೂತವಳಿಗೆ ಕಸ ಹೊಡೆಯಲೂ ಬಗ್ಗು ಅಂದರೆ ಆಗುತ್ತಾ?

ನಾಲ್ಕನೆಯದು ತೆಂಗಿನ ಕಡ್ಡಿಯದ್ದು. ಇದನ್ನು ಕೊಳ್ಳಲಿಲ್ಲ, ಅತ್ತೆ ಕಟ್ಟಿದ್ದು. ಅವರ ತವರು ಸಂತೆಬೆನ್ನೂರಿನ ಹತ್ತಿರ, ತೋಟದ ಮನೆ. ಗರಿಯ ಎಲೆಯನ್ನು ಚಾಕುವಿನಿಂದ ಸರ್ರನೆ ಸೀಳಿ ಕಡ್ಡಿ ತೆಗೆಯುವ ಅವರ ಕೈ ಈ ವಯಸ್ಸಿನಲ್ಲೂ ನನ್ನ ಕತ್ತರಿಗಿಂತ ಚುರುಕು. ಕಡ್ಡಿಯನ್ನು ವಾರವಿಡೀ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿದ್ದರು. ಹಸಿಯಾಗೇ ಕಟ್ಟೋಣ, ಬೇಗ ಆಗುತ್ತದೆ ಅಂದೆ.

“ಹಸೀದು ಕಟ್ಟಿದರೆ ಒಣಗಿದ ಮೇಲೆ ಕುಗ್ಗುತ್ತೆ ಕಣೇ. ಆಮೇಲೆ ಕಟ್ಟು ಸಡಿಲ. ನೀನು ಬಟ್ಟೆ ನೆನೆಸದೆ ಲೈನಿಂಗ್ ಕತ್ತರಿಸ್ತೀಯಾ?”

ಇಲ್ಲ, ಕತ್ತರಿಸುವುದಿಲ್ಲ. ಕಾಟನ್ ಲೈನಿಂಗನ್ನು ಮೊದಲು ನೀರಿಗೆ ಹಾಕಿ ಒಣಗಿಸಿಯೇ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಬ್ಲೌಸು ಮುದುರಿಕೊಳ್ಳುತ್ತದೆ. ಇಪ್ಪತ್ತು ವರ್ಷ ನನ್ನ ಪಕ್ಕದಲ್ಲೇ ಕೂತು ನೋಡಿದ್ದಾರೆ, ಸುಮ್ನೆ ಅಲ್ಲ.

ಆಮೇಲೆ ಅವರು ಮಾಡಿದ್ದನ್ನು ನಿಧಾನವಾಗಿ ನೋಡಿ, ಅಸಲು ವಿದ್ಯೆ ಇಲ್ಲೇ ಇದೆ. ಕಡ್ಡಿಯ ಬುಡ ದಪ್ಪ, ತುದಿ ಸಣ್ಣ. ಎಲ್ಲ ಬುಡವನ್ನೂ ಒಂದೇ ಕಡೆ ಮಾಡಿ, ಬುಡದಿಂದ ಮೂರು ಬೆರಳು ಬಿಟ್ಟು ಹುರಿಯಿಂದ ಬಿಗಿದರು. ಕಟ್ಟಿನ ಬುಡವನ್ನು ಕಲ್ಲಿಗೆ ಕುಟ್ಟಿ ಸಮ ಮಾಡಿದರು. ಆಮೇಲೆ ಹೆಬ್ಬೆರಳು ಗಾತ್ರದ ಒಂದು ಕಟ್ಟಿಗೆಯನ್ನು ಚೂಪು ಮಾಡಿ ಬುಡದ ನಡುಮಧ್ಯಕ್ಕೆ ಬೆಣೆ ಹೊಡೆದರು. ಬೆಣೆ ಒಳಗೆ ಇಳಿದಂತೆ ಬುಡ ಹೂವಿನ ಹಾಗೆ ಅರಳಿತು, ಹುರಿ ಕಿರ್ರ್ ಅಂತು. ಈಗ ಕಡ್ಡಿ ಎಳೆದರೂ ಬರುವುದಿಲ್ಲ. ಅರಳಿದ ಬುಡ ಆ ಕಟ್ಟಿನೊಳಗೆ ನುಸುಳಿ ಈಚೆ ಬರಲು ಆಗುವುದೇ ಇಲ್ಲ. ಗುಡಿಸುವಾಗ ನೆಲ ಎಳೆದಷ್ಟೂ ಇನ್ನೂ ಬಿಗಿಯಾಗುತ್ತದೆ. ತಿಂಗಳು ಕಳೆದು ಸಡಿಲವಾದರೆ ಬೆಣೆಗೆ ಇನ್ನೆರಡು ಏಟು. ಅಷ್ಟೇ ರಿಪೇರಿ.

ಹುಲ್ಲು ಪೊರಕೆಯಲ್ಲಿ ಇದು ಯಾಕಿಲ್ಲ? ಹುಲ್ಲಿನ ದಂಟು ಬುಡದಲ್ಲೂ ಮೇಲೂ ಹೆಚ್ಚು ಕಡಿಮೆ ಒಂದೇ ದಪ್ಪ. ಕೊಳವೆಯಂಥ ಹಿಡಿಯೊಳಗೆ ನೆಟ್ಟಗೆ ತೂರಿಸಿ ತಂತಿ ಸುತ್ತುತ್ತಾರೆ. ಎಳೆದರೆ ಜಾರಿ ಬರದೆ ಏನು ಮಾಡುತ್ತದೆ? ದಂಟು ಒಣಗಿ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ.

ಕಡ್ಡಿ ಪೊರಕೆಗೆ ಹತ್ತಕ್ಕೆ ಒಂಬತ್ತು. ಅಂಗಳಕ್ಕೆ, ಮಾಳಿಗೆಗೆ, ನೀರು ನಿಂತ ಜಾಗಕ್ಕೆ. ಟೈಲ್ಸ್ ಮೇಲೆ ಅದಕ್ಕೆ ಕೆಲಸವಿಲ್ಲ.

ಐದನೆಯದನ್ನು ನೋಡಿದ್ದು ಅಮೆರಿಕದಲ್ಲಿ. ಹೋದ ವರ್ಷ ಯೂನಿಫಾರಂ ಕೆಲಸ ಮುಗಿಸಿ ನ್ಯೂಜೆರ್ಸಿಯ ಮಗಳ ಮನೆಗೆ ಎರಡು ತಿಂಗಳು ಹೋಗಿದ್ದೆ. ಗ್ಯಾರೇಜಿನ ಮೂಲೆಯಲ್ಲಿ ಒಂದು ಚಪ್ಪಟೆ ಪೊರಕೆ ನಿಂತಿತ್ತು. ಇಲ್ಲಾದರೆ ಪೊರಕೆ ನೆಟ್ಟಗೆ ನಿಲ್ಲಿಸಿದರೆ ಅತ್ತೆ ಬೈಯುತ್ತಾರೆ. ಹತ್ತಿರ ಹೋಗಿ ಮುಟ್ಟಿದೆ. ಅಯ್ಯೋ, ಇದು ನಮ್ಮ ಜೋಳದ ತೆನೆಯ ಹಾಗಿದೆಯಲ್ಲ ಅನ್ನಿಸಿತು. ಮಗಳು ನಕ್ಕಳು. ಆಮೇಲೆ ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ನಿಜಕ್ಕೂ ಜೋಳವೇ! ಕಾರ್ನ್ ಬ್ರೂಮ್ ಅನ್ನುತ್ತಾರೆ, ಹಾಗಂತ ಮೆಕ್ಕೆಜೋಳ ಅಲ್ಲ. ನಾವು ರೊಟ್ಟಿ ಬಡಿಯುವ ಜೋಳದ ಜಾತಿಯದೇ, ಆದರೆ ತೆನೆಯ ಎಳೆ ಉದ್ದುದ್ದ ಬರುವ ತಳಿ. ಮಸಾಚುಸೆಟ್ಸ್‌ನ ಹ್ಯಾಡ್ಲಿ ಊರಿನ ಲೆವಿ ಡಿಕಿನ್ಸನ್ ಎಂಬ ರೈತ 1797ರಲ್ಲಿ ಇದರಿಂದ ಪೊರಕೆ ಕಟ್ಟಿದನಂತೆ. ಆಗೆಲ್ಲ ಗುಂಡಗೆ ಕಟ್ಟುತ್ತಿದ್ದರು. ಆಮೇಲೆ ಶೇಕರ್ ಅನ್ನುವ ಕ್ರೈಸ್ತ ಪಂಗಡದವರು ಅದನ್ನು ಚಪ್ಪಟೆ ಮಾಡಿ ಹೊಲಿಗೆ ಹಾಕಿದರು.

ಹೊಲಿಗೆ! ನನಗೆ ಬೇಕಾಗಿದ್ದು ಅದೇ. ಕುತ್ತಿಗೆಯ ಕೆಳಗೆ ಅಡ್ಡಡ್ಡ ನಾಲ್ಕು ಸಾಲು ದಪ್ಪ ದಾರದ ಹೊಲಿಗೆ. ಒಂದೊಂದು ಹೊಲಿಗೆಯೂ ಐದಾರು ಎಳೆಯನ್ನು ಹಿಡಿದು ಪಕ್ಕದ ಎಳೆಗಳಿಗೆ ಬಿಗಿಯುತ್ತದೆ. ಹಾಗಾಗಿ ಗುಡಿಸುವ ಭಾರ ಕುತ್ತಿಗೆಯ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ, ಕೆಳಗಿನ ಸಾಲುಗಳಿಗೂ ಹಂಚಿ ಹೋಗುತ್ತದೆ. ಚಪ್ಪಟೆಯಾದ್ದರಿಂದ ಅಷ್ಟೇ ಹುಲ್ಲಿಗೆ ಅಗಲ ಜಾಸ್ತಿ. ಹಿಡಿ ಎದೆಯುದ್ದದ ಮರದ ಕೋಲು, ನಿಂತೇ ಗುಡಿಸಬಹುದು. ಎರಡು ತಿಂಗಳು ಅದನ್ನೇ ಹಿಡಿದೆ. ಸೊಂಟಕ್ಕೆ ಸುಖ. ಆದರೆ ಎಳೆ ಒರಟು. ಹೊರಗಿನ ಮೆಟ್ಟಿಲು, ಗ್ಯಾರೇಜಿಗೆ ಸರಿ. ಅಡುಗೆಮನೆಯಲ್ಲಿ ಹಿಟ್ಟಿನ ಪುಡಿ ಹಿಂದೆಯೇ ಉಳಿಯುತ್ತಿತ್ತು. ನಮ್ಮ ಹೂವಿನ ಹುಲ್ಲಿನ ಮುಂದೆ ಅದು ಏನೂ ಅಲ್ಲ.

ವಾಪಸ್ ಬಂದ ಮೇಲೆ ದಸರಾ ಹೊತ್ತಿಗೆ ನಾನೇ ಕಟ್ಟಲು ಕೂತೆ. ಹುಲ್ಲು ಮೇಘಾಲಯದ್ದು, ಬೆಣೆ ಅತ್ತೆಯದ್ದು, ಹೊಲಿಗೆ ಶೇಕರ್‌ನವರದ್ದು, ದಬ್ಬಣ ನನ್ನದು. ಮಂಡಿಪೇಟೆಯ ಅದೇ ಅಂಗಡಿಯವರು ತಾವೇ ಪೊರಕೆ ಕಟ್ಟಿ ಮಾರುವವರು. ಬಿಡಿ ಹುಲ್ಲು ಕೇಳಿದೆ. ಮೊದಲು ಕೊಡಲಿಲ್ಲ. ಇವಳೂ ಪೊರಕೆ ಅಂಗಡಿ ಹಾಕುತ್ತಾಳೋ ಏನೋ ಅಂದುಕೊಂಡರು. ಸೀಳಿದ ಹಿಡಿಯ ಫೋಟೋ ತೋರಿಸಿದ ಮೇಲೆ ನಕ್ಕು, 90 ರೂಪಾಯಿಗೆ ಒಂದು ಕಟ್ಟು ಕೊಟ್ಟರು.

ಮೊದಲನೆಯದು ಕೆಟ್ಟಿತು. ಗಟ್ಟಿ ಅಂದರೆ ದಪ್ಪ ಅಂದುಕೊಂಡಿದ್ದೆ. ಒಂದೂವರೆ ಪಟ್ಟು ಹುಲ್ಲು ಹಾಕಿ, ಒಳಗೆ ಬಿದಿರು ಕೋಲು ಕೂರಿಸಿ, ಎಂ-ಸೀಲ್ ಅಂಟು ತುಂಬಿದೆ. ತೂಕ ಮುಕ್ಕಾಲು ಕೆಜಿ. ಒಂದು ಕೋಣೆ ಗುಡಿಸುವಷ್ಟರಲ್ಲಿ ಮಣಿಕಟ್ಟು ಬಿತ್ತು. ಅತ್ತೆ ಎತ್ತಿ ನೋಡಿ, “ಇದು ಕಸ ಹೊಡೆಯೋಕಾ, ಗಂಡನ್ನ ಹೊಡೆಯೋಕಾ?” ಅಂದರು. ಯಜಮಾನರು ಮಾತಾಡದೆ ಪೇಪರು ಓದುತ್ತಿದ್ದರು.

ಎರಡನೆಯದರಲ್ಲಿ ಹೊಲಿಗೆ ತೀರಾ ಕೆಳಗೆ ಹಾಕಿಬಿಟ್ಟೆ, ಕುತ್ತಿಗೆಯಿಂದ ಏಳು ಇಂಚು. ತುದಿ ಬಿಚ್ಚಿಕೊಳ್ಳದೆ ಹಲಗೆಯ ಹಾಗೆ ನಿಂತಿತು. ಹುಲ್ಲು ಪೊರಕೆಯ ಗುಣವೇ ತುದಿ ಹರಡಿಕೊಂಡು ನೆಲಕ್ಕೆ ಮಲಗುವುದು, ಅದೇ ಹೋಯಿತು. ಹೊಲಿಗೆ ಬಿಚ್ಚಿದೆ. ಟೈಲರ್‌ಗೆ ಹೊಲಿಗೆ ಬಿಚ್ಚುವುದೇನು ಹೊಸದಲ್ಲ.

ಮೂರನೆಯದು ಸಂಕ್ರಾಂತಿಗೆ ಕಟ್ಟಿದ್ದು. ಹೇಗೆ ಅಂತ ಹೇಳುತ್ತೇನೆ, ಬೇಕಾದವರು ಮಾಡಿಕೊಳ್ಳಿ. ಹುಲ್ಲನ್ನು ಒಂದು ವಾರ ಬಿಸಿಲಲ್ಲಿ ಒಣಗಿಸಿದೆ. ಮೂರೂವರೆ ಅಡಿಯ ಬಿದಿರು ಕೋಲಿನ ತುದಿಯನ್ನು ಎಂಟು ಇಂಚಿನಷ್ಟು ಬೆಣೆಯ ಹಾಗೆ ಕೆತ್ತಿದೆ, ಆದರೆ ಉಲ್ಟಾ. ಕೆಳಗಿನ ತುದಿ ದಪ್ಪ, ಮೇಲಕ್ಕೆ ಹೋದಂತೆ ಸಣ್ಣ. ಅದರ ಸುತ್ತ ದಂಟುಗಳನ್ನು ಜೋಡಿಸಿದೆ, ಎಂಟು ಇಂಚೂ ತುಂಬುವ ಹಾಗೆ. ಮಾರ್ಜಿನ್ ಕದಿಯಲಿಲ್ಲ. ಒಂದೊಂದು ದಂಟಿನ ಮೇಲ್ತುದಿಯನ್ನೂ ಸ್ವಲ್ಪ ನೆನೆಸಿ ಹೊರಕ್ಕೆ ಮಡಚಿದೆ, ಸೆರಗಿನ ಅಂಚು ಮಡಚಿದ ಹಾಗೆ, ಜಾರದಿರಲಿ ಅಂತ. ಮಡಚಿದ್ದು ಪೂರ್ತಿ ಆರಲು ಎರಡು ದಿನ ಬಿಟ್ಟೆ.

ಆಮೇಲೆ ಕಟ್ಟಲು ತಂತಿ ಬೇಡ ಅಂತ ತೀರ್ಮಾನಿಸಿದೆ. ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬು ತಂದೆ, ಸುಮ್ನೆ ಕೊಟ್ಟರು. ಬೆರಳಗಲ ಪಟ್ಟಿ ಕತ್ತರಿಸಿ, ಆಗುವಷ್ಟು ಎಳೆದು ಹಿಗ್ಗಿಸಿ ಬಿಗಿಯಾಗಿ ಸುತ್ತಿದೆ. ತಂತಿ ಒಮ್ಮೆ ಬಿಗಿದರೆ ಅಷ್ಟೇ. ದಂಟು ಕುಗ್ಗಿದರೆ ತಂತಿ ಸಡಿಲ. ರಬ್ಬರು ಹಾಗಲ್ಲ. ದಂಟು ಎಷ್ಟು ಕುಗ್ಗುತ್ತದೋ ರಬ್ಬರೂ ಅಷ್ಟು ಒಳಕ್ಕೆ ಬಂದು ಹಿಡಿಯುತ್ತದೆ. ಲಂಗದ ಸೊಂಟಕ್ಕೆ ಲಾಡಿ ಬದಲು ಎಲಾಸ್ಟಿಕ್ ಹಾಕಿದ ಹಾಗೆ ಅಲ್ವಾ? ಇದು ನನಗೆ ಹೊಳೆದದ್ದಲ್ಲ, ಟ್ಯೂಬಿನ ಪಟ್ಟಿಯಲ್ಲಿ ಸೈಕಲ್ ಕ್ಯಾರಿಯರ್‌ಗೆ ಸಾಮಾನು ಬಿಗಿಯುವುದನ್ನು ಎಲ್ಲರೂ ನೋಡಿದ್ದೇವೆ. ಪೊರಕೆಗೆ ತಂದದ್ದು ಮಾತ್ರ ನಾನು.

ಕೊನೆಗೆ ಹುಲ್ಲನ್ನು ಎರಡು ಮರದ ಪಟ್ಟಿ ನಡುವೆ ಒತ್ತಿ ಚಪ್ಪಟೆ ಮಾಡಿ, ದಬ್ಬಣ ಮತ್ತು ಮೇಣ ಉಜ್ಜಿದ ನೈಲಾನ್ ದಾರದಲ್ಲಿ ಎರಡೇ ಸಾಲು ಹೊಲಿದೆ. ಕುತ್ತಿಗೆಯಿಂದ ಎರಡು ಇಂಚಿಗೆ ಒಂದು, ಮೂರೂವರೆ ಇಂಚಿಗೆ ಇನ್ನೊಂದು. ಅದರ ಕೆಳಗೆ ಹುಲ್ಲು ಸ್ವತಂತ್ರ.

ತೂಕ 450 ಗ್ರಾಂ. ಖರ್ಚು ಹುಲ್ಲಿಗೆ 90, ಬಿದಿರಿಗೆ 30. ಸಮಯ ಎರಡು ಗಂಟೆ, ಅಷ್ಟರಲ್ಲಿ ಒಂದು ಬ್ಲೌಸು ಹೊಲಿಯಬಹುದಿತ್ತು. ದಿನಕ್ಕೆ ಐದು ಸಲದ ಲೆಕ್ಕದಲ್ಲಿ ಎಂಟು ತಿಂಗಳು ದುಡಿದಿದೆ. ತುದಿ ಮೂರು ಬೆರಳಿನಷ್ಟು ಸವೆದಿದೆ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅಂತಾರಲ್ಲ, ಅದಕ್ಕೇ ಎಂಟು ತಿಂಗಳು ಕಾದು ಬರೆಯುತ್ತಿದ್ದೇನೆ. ಕುತ್ತಿಗೆಯಿಂದ ಇವತ್ತಿನವರೆಗೆ ಒಂದು ಕಡ್ಡಿ ಈಚೆ ಬಂದಿಲ್ಲ. ಪೊರಕೆ ಸವೆದು ಮುದುಕಿಯಾಗುವುದನ್ನು ನನ್ನ ಮನೆಯಲ್ಲಿ ಮೊದಲ ಸಲ ನೋಡುತ್ತಿದ್ದೇನೆ.

ಹಾಗಂತ ಎಲ್ಲ ಸರಿಯಾಗಿದೆ ಅನ್ನಲಾರೆ. ಕೋಲು ಉದ್ದವಾದ್ದರಿಂದ ಮಂಚದ ಅಡಿ ಸಲೀಸು, ಆದರೆ ಮಷಿನಿನ ಪೆಡಲ್ ಸಂದಿಗೆ ಹೋಗುವುದಿಲ್ಲ. ಅಲ್ಲಿಗೆ ಈಗಲೂ ಆ ಈಚಲು ಕಸಬರಿಗೆಯೇ ಬೇಕು. ಗುಂಡನೆ ಬಿದಿರು ಕೈಯಲ್ಲಿ ತಿರುಗುತ್ತದೆ, ಚಪ್ಪಟೆ ಪೊರಕೆಗೆ ಅದು ತೊಂದರೆ. ಹಿಡಿಯುವ ಜಾಗದಲ್ಲಿ ಒಂದು ಪಕ್ಕ ಕೆತ್ತಿ ಸಮ ಮಾಡಿದ ಮೇಲೆ ಪರವಾಗಿಲ್ಲ. ಇನ್ನೊಂದು, ದೀಪ ಹಚ್ಚಿದ ಮೇಲೆ ಕಸ ಹೊಡೆಯಬಾರದು ಅನ್ನುವ ಅತ್ತೆಯ ನಿಯಮಕ್ಕೆ ಯಾವ ಪೊರಕೆಯೂ ಉತ್ತರ ಅಲ್ಲ. ಹಬ್ಬದ ಸೀಸನ್ನಿನಲ್ಲಿ ನನ್ನ ಕಸವೆಲ್ಲ ಬೀಳುವುದೇ ರಾತ್ರಿ. ನಾವು ಒಂದು ರಾಜಿಗೆ ಬಂದಿದ್ದೇವೆ. ಗುಡಿಸಿ ಮೂಲೆಗೆ ಕೂಡಿಸಬಹುದು, ಹೊರಗೆ ಹಾಕುವುದು ಬೆಳಿಗ್ಗೆ.

ಕಟ್ಟಿಕೊಳ್ಳಲು ಪುರುಸೊತ್ತಿಲ್ಲದವರಿಗೆ ಒಂದು ದಾರಿ ಇದೆ. ಕಾರ್ಖಾನೆಯ ಮೊಹರು ಹಾಕಿದ ಪೊರಕೆ ಬಿಟ್ಟು, ನಿಮ್ಮೂರಲ್ಲಿ ತಾವೇ ಕೂತು ಕಟ್ಟುವವರ ಹತ್ತಿರ ಹೋಗಿ. ದಂಟು ಹಿಡಿಯೊಳಗೆ ಕಡೇಪಕ್ಷ ಆರು ಇಂಚು ಹೋಗಲಿ ಅಂತ ಮೊದಲೇ ಹೇಳಿ, ಹಿಡಿಗೆ ಹಾಕುವ ಮುಂಚೆ ಕಣ್ಣಾರೆ ನೋಡಿ. ಮಂಡಿಪೇಟೆಯವರು ನನಗೆ 30 ರೂಪಾಯಿ ಜಾಸ್ತಿ ತೆಗೆದುಕೊಂಡು ಹಾಗೆ ಕಟ್ಟಿಕೊಟ್ಟರು, ತಂಗಿಯ ಮನೆಗೆ ಒಯ್ದೆ. ಹೊಲಿಗೆ ಹಾಕಲು ಮಾತ್ರ ಒಪ್ಪಲಿಲ್ಲ. “ದಬ್ಬಣ ಹಿಡಿದು ಕೂತರೆ ದಿನಕ್ಕೆ ಹತ್ತು ಪೊರಕೆನೂ ಆಗಲ್ಲ ಅಕ್ಕಾ, ಹೊಟ್ಟೆಗೇನು ಮಾಡಲಿ?” ಅಂದರು. ಅವರ ಮಾತೂ ಸರಿಯೇ. ಪೊರಕೆಗೆ ನಾವು 150ರ ಮೇಲೆ ಕೊಡುವುದಿಲ್ಲ, ಕೊಟ್ಟರೂ ಹಿಡಿಯ ಹೊಳಪಿಗೆ ಕೊಡುತ್ತೇವೆ.

ಟ್ಯೂಬಿನ ರಬ್ಬರು ಗೋಡೆಗೆ ತಾಗಿದಲ್ಲೆಲ್ಲ ಕಪ್ಪು ಗೆರೆ ಬೀಳುತ್ತದೆ, ಇದೊಂದು ಬಾಕಿ ಇತ್ತು. ಹೋದ ವಾರ ಉಳಿದ ಕ್ಯಾನ್ವಾಸ್ ಬಟ್ಟೆಯಲ್ಲಿ ಕುತ್ತಿಗೆಗೊಂದು ತೊಡಿಕೆ ಹೊಲಿದು ಹಾಕಿದೆ, ಹಿಂದೆ ಎರಡು ಹುಕ್ಕು. ಅತ್ತೆ ಕನ್ನಡಕ ಏರಿಸಿ ನೋಡಿ, ಪೊರಕೆಯ ಅಳತೆ ಯಾವಾಗ ತಗೊಂಡೆ ಅಂತ ಕೇಳಿದರು. ಗೆರೆ ನಿಂತಿದೆ. ಆದರೆ ತೊಡಿಕೆಯ ಒಳಗೆ ದಾರದ ಚೂರು ಸೇರಿಕೊಳ್ಳುತ್ತಿದೆ, ಕೆಳಗಡೆ ಒಂದು ಲಾಡಿ ಹಾಕಿ ನೋಡಬೇಕು.